ಎರಡನೇ ಸಿಸ್ಟಮ್ಮಿಗೆ ಅಮ್ಮನ ಅಪ್ಪಣೆ

ಶಿರಾ ಪಟ್ಟಣದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಜಾಗಗಳು ಮೊದಲಿನಿಂದಲೂ ಇದ್ದವು. ಗುಡಿಗಳಿದ್ದವು, ಜಾಮಿಯಾ ಮಸೀದಿ ಇತ್ತು, ಒಬ್ಬ ಹಲ್ಲಿನ ಡಾಕ್ಟರೂ ಇದ್ದರು. ಎಂಬತ್ತೆಂಟನೇ ಇಸವಿಯಲ್ಲಿ ಈ ಸಾಲಿಗೆ ಸಂಜೀವಯ್ಯನವರ ಕಡಲೆಕಾಯಿ ಎಣ್ಣೆ ಗಿರಣಿಯ ಹಿಂದಿನ ಕೋಣೆಯೂ ಸೇರಿಕೊಂಡಿತು. ಅಲ್ಲಿ ಕಂಪ್ಯೂಟರ್ ಬಂದು ಕೂತಿತ್ತು. ಅದಕ್ಕೆ ಧೂಳು ಆಗುವುದಿಲ್ಲ ಎಂದು ತುಮಕೂರಿನ ಕಂಪನಿಯವರು ಹೇಳಿದ್ದರು. ಎಣ್ಣೆ ಗಿರಣಿಯಲ್ಲಿ ಧೂಳಿಲ್ಲದ ಜಾಗ ಹುಡುಕುವುದು ಸುಲಭವಲ್ಲ. ಆದರೂ ಸಂಜೀವಯ್ಯನವರು ಹಿಂಡಿ ತುಂಬುತ್ತಿದ್ದ ಕೋಣೆಗೆ ಸುಣ್ಣ ಹೊಡೆಸಿ, ಬಾಗಿಲಿಗೆ ಮನೆಯ ಹಳೇ ಪರದೆ ಕಟ್ಟಿಸಿ, ತಮ್ಮ ಗುಮಾಸ್ತ ಗಂಗಹನುಮಯ್ಯನನ್ನು ಅದರೊಳಗೆ ಕೂರಿಸಿದರು.

ಗಂಗಹನುಮಯ್ಯ ಮದಲೂರಿನವನು, ಗಿರಣಿಯಲ್ಲಿ ಬಿಲ್ಲು ಬರೆಯುತ್ತಲೇ ತಲೆ ನೆರೆಸಿಕೊಂಡವನು. ತುಮಕೂರಿಗೆ ಹೋಗಿ ತರಬೇತಿ ಪಡೆದು ಬಂದ ಮೇಲೆ ಅವನ ನಡಿಗೆಯೇ ಬದಲಾಯಿತು. ಮೊದಲು ಯಾರಾದರೂ ಸಿಕ್ಕಿದರೆ ನಿಂತು ಅವರ ಎಮ್ಮೆ ಕರುವಿನ ಯೋಗಕ್ಷೇಮವನ್ನೂ ವಿಚಾರಿಸುತ್ತಿದ್ದವನು ಈಗ ಕೈ ಮಾತ್ರ ಎತ್ತಿ, “ಸಿಸ್ಟಂ ಹಾಕಿ ಬಂದಿದೀನಿ,” ಎಂದು ಮುಂದೆ ಹೋಗಿಬಿಡುತ್ತಿದ್ದ. ಸಿಸ್ಟಂ ಎಂದರೇನು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೇಳಿದ್ದರೆ ಅವನಿಗೂ ಕಷ್ಟವಾಗುತ್ತಿತ್ತು. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಕರೀ ರಟ್ಟಿನಂಥ ಚಪ್ಪಟೆ ಫ್ಲಾಪಿಯೊಂದನ್ನು ಮಿಷಿನ್ನಿನ ಬಾಯಿಗಿಟ್ಟು ಸ್ವಿಚ್ಚು ಹಾಕಿದರೆ ಒಳಗೆ ಕರಕರ ಸದ್ದಾಗಿ ಗಾಜಿನ ಮೇಲೆ ಹಸಿರು ಅಕ್ಷರ ಮೂಡುತ್ತದೆ. ಇಡದಿದ್ದರೆ ಮೂಡುವುದಿಲ್ಲ.

ಅವನ ಜಂಭವನ್ನು ಪೂರ್ತಿಯಾಗಿ ನಂಬಿದವಳು ಹೆಂಡತಿ ಕೆಂಚಮ್ಮ ಒಬ್ಬಳೇ. ಮಗಳನ್ನು ಕೊರಟಗೆರೆಗೆ ಕೊಟ್ಟ ಮೇಲೆ ಮನೆಯಲ್ಲಿ ಉಳಿದವರು ಅವರಿಬ್ಬರೇ.

“ಏನ್ ಬರಿ ಅಂದ್ರೂ ಬರೀತದಾ?” ಎಂದು ಅವಳು ಕೇಳಿದಳು.

“ಏನ್ ಬರಿ ಅಂದ್ರೂ ಬರೀತದೆ ಕಣೆ. ನಿನ್ನೆಸ್ರೂ ಬರೀತದೆ.”

ಕೆಂಚಮ್ಮ ಮಾರನೇ ದಿನವೇ ಜಗದಾಂಬ ಟೀಚರು ನಡೆಸುತ್ತಿದ್ದ ವಯಸ್ಕರ ಶಾಲೆಗೆ ಸೇರಿದಳು. ಮುದ್ದೆ ಕೋಲು ಹಿಡಿಯುವ ಕೈಯಲ್ಲಿ ಬಳಪ ಹಿಡಿದಳು, ಒಲೆಯ ಮುಂದೆ ಕೂತು ಬೂದಿಯ ಮೇಲೂ ತಿದ್ದಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ಬಸ್ಸಿನ ಬೋರ್ಡು, ಸೋಡಾ ಅಂಗಡಿ ಬೋರ್ಡು ಎಲ್ಲ ಓದತೊಡಗಿದಳು. “ಇನ್ನ ನಿಮ್ ಮಿಷಿನ್ ತೋರ್ಸಿ,” ಎಂದು ಗಂಡನಿಗೆ ಹೇಳಿ, ಪಾವಗಡದ ಕಡೆ ತನ್ನ ತವರಾದ ರಾಯಚರ್ಲಿನಿಂದ ಅತ್ತಿಗೆ ಗೌರಕ್ಕನನ್ನೂ ಕರೆಸಿಕೊಂಡಳು. ಇಂಥದ್ದನ್ನು ತವರಿನವರು ಒಬ್ಬರಾದರೂ ಕಣ್ಣಾರೆ ನೋಡಬೇಕು ಎಂದು ಅವಳ ಆಸೆ.

ಗಿರಣಿಗೆ ರಜೆಯಿದ್ದ ಭಾನುವಾರ. ಕೆಂಚಮ್ಮ ಮಗಳ ಮದುವೆಯಲ್ಲಿ ತೆಗೆದ ಸೀರೆ ಉಟ್ಟು ಬಂದಿದ್ದಳು. ಗೌರಕ್ಕ ಒಳಗೆ ಬಂದವಳೇ ಕಂಪ್ಯೂಟರಿಗೆ ಕೈಮುಗಿದಳು. ಗಂಗಹನುಮಯ್ಯ ಅಂಗಿ ತೋಳು ಮಡಿಸಿ, ಒಂದೊಂದೇ ಗುಂಡಿ ಒತ್ತಿ, ಗಾಜಿನ ಮೇಲೆ ಹೆಂಡತಿಯ ಹೆಸರನ್ನು ಇಂಗ್ಲಿಷಿನಲ್ಲಿ ಮೂಡಿಸಿ, ಕುರ್ಚಿಗೆ ಒರಗಿ “ಓದು” ಎಂದ.

ಕೆಂಚಮ್ಮ ಹತ್ತಿರ ಹೋಗಿ ನೋಡಿದಳು. ದೂರ ಬಂದು ನೋಡಿದಳು. ಕಲಿತ ಅಕ್ಷರಗಳಲ್ಲಿ ಒಂದೂ ಅಲ್ಲಿರಲಿಲ್ಲ.

“ಏಮಣ್ಣಾ ಇದಿ, ಏನಿದು?” ಎಂದಳು ಗೌರಕ್ಕ, ತಮ್ಮೂರ ಕಡೆಯ ತೆಲುಗು ಬೆರೆಸಿ. “ಒಂದು ಏಣಿ ಇದ್ದಂಗೈತೆ, ಒಂದು ಒಡೆದ ಬಳೆ ಇದ್ದಂಗೈತೆ. ಇದ್ರಾಗೆ ನಮ್ ಕೆಂಚಿ ಎಲ್ಲವ್ಳೆ?”

ಗಂಗಹನುಮಯ್ಯನಿಗೆ ಅವಮಾನವಾಯಿತು. ಮಿಷಿನ್ನಿನ ಮಾನ ಉಳಿಸಬೇಕಾಗಿತ್ತು. “ಇದು ಇಂಗ್ಲೀಷು. ಇದಕ್ಕೆ ಕನ್ನಡಗಿನ್ನಡ ಎಲ್ಲಾ ಬರಲ್ಲ ಕಣೆ. ಇದು ಓದಿದೋರ ಮಿಷಿನ್ನು,” ಎಂದುಬಿಟ್ಟ. ಅಂದ ಕೂಡಲೇ ಅನ್ನಬಾರದಾಗಿತ್ತು ಅನ್ನಿಸಿತು. ಆದರೆ ಮಾತು ಬಾಯಿಂದ ಹೊರಬಿದ್ದಾಗಿತ್ತು.

ಕೆಂಚಮ್ಮ ಜಗಳ ಆಡಲಿಲ್ಲ. ಆಡಿದ್ದರೆ ಅವನು ಹೇಗೋ ಸಂಭಾಳಿಸುತ್ತಿದ್ದ. ಅವಳು ಸೆರಗು ಸರಿ ಮಾಡಿಕೊಂಡು, “ಗೌರಕ್ಕ, ಪಾವಗಡದ ಬಸ್ಸು ಎಷ್ಟೊತ್ತಿಗೆ?” ಎಂದು ಕೇಳಿದಳು. ಬಸ್ ಸ್ಟ್ಯಾಂಡಿನವರೆಗೆ ಗಂಡ ಹಿಂದೆ ಹಿಂದೆ ಬಂದರೂ ತಿರುಗಿ ನೋಡಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ಇಷ್ಟು ಮಾತ್ರ ಹೇಳಿದಳು: “ಅದಕ್ಕೆ ನಮ್ಮಕ್ಷರ ಬಂದ ದಿನ ಹೇಳ್ಕಳ್ಸಿ. ಬತ್ತೀನಿ.”

ಹೆಂಡತಿ ನಾಲ್ಕು ದಿನ ತವರಿಗೆ ಹೋದರೆ ಗಂಡಸರು ಸಂತೋಷಪಡುತ್ತಾರೆ ಎಂಬ ಮಾತಿದೆ. ಅದನ್ನು ಹೇಳಿದವರು ತಮ್ಮ ಮುದ್ದೆ ತಾವೇ ಕಟ್ಟಿ ನೋಡಿರಲಿಕ್ಕಿಲ್ಲ. ಗಂಗಹನುಮಯ್ಯನ ಮುದ್ದೆ ಒಂದು ದಿನ ಗಂಟುಗಂಟಾಗುತ್ತಿತ್ತು, ಇನ್ನೊಂದು ದಿನ ಅಂಬಲಿಯಾಗುತ್ತಿತ್ತು. ಅದನ್ನಾದರೂ ಅವನು ನುಂಗಿಕೊಂಡಾನು. ಆದರೆ ಸಂಜೆ ಬೀಗ ತೆಗೆದರೆ ಒಳಗಿನಿಂದ “ಬಂದ್ರಾ?” ಎನ್ನುವ ದನಿ ಇರಲಿಲ್ಲ. ಗೂಡಿನಲ್ಲಿ ಅವಳ ಸ್ಲೇಟು ಇತ್ತು, ಅದರ ಮೇಲೆ ಅರ್ಧ ಅಳಿಸಿದ ಕಾಗುಣಿತ ಇತ್ತು. ಗುಡಿಸುವಾಗ ಕೂಡ ಅವನು ಆ ಕಡೆ ಪೊರಕೆ ಆಡಿಸುತ್ತಿರಲಿಲ್ಲ. ಅವನಿಗೆ ಕೆಂಚಮ್ಮ ಬೇಕಾಗಿದ್ದಳು, ಬಹಳ ಬೇಕಾಗಿದ್ದಳು.

ಸಂಜೆ ಪಾವಗಡದ ಬಸ್ಸು ಬರುವ ಹೊತ್ತಿಗೆ ಏನಾದರೊಂದು ನೆಪ ಮಾಡಿಕೊಂಡು ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ. ಒಂದು ದಿನ ಬಾಳೆಹಣ್ಣು ಕೊಳ್ಳುವುದು, ಇನ್ನೊಂದು ದಿನ ಬಾಳೆಹಣ್ಣು ಚೆನ್ನಾಗಿಲ್ಲ ಎಂದು ಜಗಳ ಆಡುವುದು. ಕಂಡಕ್ಟರ್ ಮಾರಣ್ಣ ಮೆಟ್ಟಿಲ ಮೇಲಿನಿಂದಲೇ, “ಇವತ್ತೂ ಇಲ್ಲ ಕಣಣ್ಣ,” ಎನ್ನುತ್ತಿದ್ದ. ತಡೆಯಲಾರದೆ ಒಮ್ಮೆ ಗಂಗಹನುಮಯ್ಯ ರಾಯಚರ್ಲಿಗೇ ಹೋದ. ಗೌರಕ್ಕ ಜಗಲಿಗೆ ಮಜ್ಜಿಗೆ ತಂದುಕೊಟ್ಟಳು. ಒಳಗಿನಿಂದ ಕೆಂಚಮ್ಮನ ದನಿ ಬಂತು.

“ಅಕ್ಷರ ಬಂತಾ?”

“ಇನ್ನೂ ಇಲ್ಲ.”

“ಸರಿ. ಮಜ್ಜಿಗೆ ಕುಡ್ಕಂಡು ಹುಷಾರಾಗಿ ಹೋಗಿ.”

ಅವನು ಮಜ್ಜಿಗೆ ಕುಡಿದು ಹುಷಾರಾಗಿ ಬಂದ.

ಆಯುಧಪೂಜೆ ಬಂತು. ಸಂಜೀವಯ್ಯನವರ ತಾಯಿ ಸಣ್ಣಕ್ಕ ಗಾಣಕ್ಕೆ, ತಕ್ಕಡಿಗೆ, ಲಾರಿಗೆ ಪೂಜೆ ಮಾಡಿ ಕಂಪ್ಯೂಟರ್ ಕೋಣೆಗೂ ಬಂದರು. ಅಷ್ಟು ದೊಡ್ಡ ಮಿಷಿನ್ನು ಏಳುವುದು ಆ ಫ್ಲಾಪಿಯಿಂದಲೇ ಎಂದು ತಿಳಿದು, ಅದರ ನಡುವಿನ ತೂತಿನಲ್ಲಿ ಅರಿಶಿನದ ದಾರ ಪೋಣಿಸಿ ಕಟ್ಟಿ, ಕುಂಕುಮವನ್ನೂ ಧಾರಾಳವಾಗಿ ಇಟ್ಟರು. ಮಾರನೇ ದಿನ ಮಿಷಿನ್ನು ಏಳಲಿಲ್ಲ. ತುಮಕೂರಿನ ಕಂಪನಿಯಿಂದ ಬಸವಲಿಂಗಯ್ಯ ಎಂಬ ಇಂಜಿನಿಯರು ಬಂದು, ಫ್ಲಾಪಿಯನ್ನು ಬಹಳ ಹೊತ್ತು ನೋಡಿ, ಬೇರೆ ಫ್ಲಾಪಿ ಹಾಕಿಕೊಟ್ಟ.

ಗಂಗಹನುಮಯ್ಯ ಅವನಿಗೆ ಟೀ ತರಿಸಿ ಮೆಲ್ಲಗೆ ಕೇಳಿದ. “ಸಾರ್, ಇದಕ್ಕೆ ಕನ್ನಡ ಕಲ್ಸೋಕೆ ಆಗಲ್ವಾ?”

“ಇದಕ್ಕೆ ಸ್ವಂತಕ್ಕೆ ಏನೂ ಬರಲ್ಲ ಗಂಗಹನುಮಯ್ಯನವರೇ. ಬರೋದೆಲ್ಲ ಫ್ಲಾಪಿಯಲ್ಲಿರೋ ಸಿಸ್ಟಮ್ಮಿಗೆ. ಬೇರೆ ಸಿಸ್ಟಂ ಇಟ್ಟು ಎಬ್ಬಿಸಿದರೆ ಇದೇ ಮಿಷಿನ್ನು ಬೇರೆ ಥರ ಏಳುತ್ತೆ. ಬೆಂಗಳೂರಲ್ಲಿ ನನ್ನ ಸ್ನೇಹಿತ ಕನ್ನಡದ್ದೇ ಒಂದು ಮಾಡ್ತಿದಾನೆ. ಬೇಕಾದರೆ ತಂದುಕೊಡ್ತೀನಿ.”

“ಇರೋದನ್ನ ತೆಗೀಬೇಕಾಯ್ತದಾ?”

“ಯಾಕೆ ತೆಗೀಬೇಕು? ಇದರ ಪಾಡಿಗೆ ಇದು, ಅದರ ಪಾಡಿಗೆ ಅದು. ಒಂದು ಕೆಟ್ಟರೆ ಇನ್ನೊಂದಿರುತ್ತೆ. ಬಿಲ್ಲಿಗೆ ಇದು, ಬೇರೆ ಕೆಲಸಕ್ಕೆ ಅದು. ಹೊಸದೊಂದು ಕಲಿತ ಹಾಗೂ ಆಗುತ್ತೆ. ನಿಮ್ಮ ಸಾಹುಕಾರರನ್ನು ಕೇಳಿನೋಡಿ.”

ಗಂಗಹನುಮಯ್ಯ ಈ ಕಾರಣಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಸಂಜೀವಯ್ಯನವರ ಮುಂದೆ ಹೋಗಿ ಒಪ್ಪಿಸಿದ. ಅವರು ಎಲೆಯಡಿಕೆ ಅಗಿಯುತ್ತ ಪೂರ್ತಿ ಕೇಳಿ, “ಒಂದ್ ಮಿಷಿನ್ನಿಗೆ ಎರಡು ಯಾತಕ್ಕಯ್ಯ?” ಎಂದರು. ಅವನು ಇನ್ನೊಂದು ಸಲ ಒಪ್ಪಿಸಿದ. ಅವರು ಇನ್ನೊಂದು ಸಲ ಯಾತಕ್ಕಯ್ಯ ಎಂದರು. ಆಗ ಗಂಗಹನುಮಯ್ಯ ಸ್ವಂತ ಬುದ್ಧಿ ಖರ್ಚು ಮಾಡಿದ. ಕೆಟ್ಟದ್ದು ಅಲ್ಲೇ.

“ಸಾವ್ಕಾರ್ರೆ, ನಮ್ಮ ಕೊಲ್ಲಾಪುರದಮ್ಮನ ಪೂಜಾರಿ ತಿಮ್ಮರಾಯಪ್ಪ ಇಲ್ವಾ? ಸುಮ್ನೆ ಕೂತಿದ್ದಾಗ ಅವ್ನಿಗೇನ್ ಗೊತ್ತು? ಬೀಡಿ ಕೇಳ್ತಾನೆ, ಅಷ್ಟೇಯ. ಅಮ್ಮ ಮೈಮ್ಯಾಲೆ ಬಂದ್ರೆ? ಅವಳ ಮಾತಾಡ್ತಾನೆ. ಅಂಗೇ ಈ ಮಿಷಿನ್ನು. ಈ ಫ್ಲಾಪಿ ಇಟ್ರೆ ಒಂದು ಮೈಮ್ಯಾಲೆ ಬತ್ತದೆ. ಆ ಫ್ಲಾಪಿ ಇಟ್ರೆ ಬ್ಯಾರೇದು ಬತ್ತದೆ.”

ಇದಕ್ಕಿಂತ ಒಳ್ಳೆಯ ವಿವರಣೆ ಇಂಜಿನಿಯರ ಬಾಯಲ್ಲೂ ಬಂದಿರಲಿಲ್ಲ. ತೊಂದರೆ ಏನಾಯಿತೆಂದರೆ, ಸಂಜೀವಯ್ಯನವರಿಗೆ ಅದು ಪೂರ್ತಿ ಅರ್ಥವಾಗಿಬಿಟ್ಟಿತು. ಅವರು ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು.

“ಅಲ್ಲಯ್ಯ, ಈ ಮಿಷಿನ್ ತರೋ ಮುಂಚೆ ಅಮ್ಮನ ಹತ್ರ ಹೂ ಕೇಳಿವ್ನಿ. ಬಲಗಡೆ ಕೊಟ್ಮ್ಯಾಲೇ ತಂದು ಕೂರ್ಸಿವ್ನಿ. ಈಗ ಅವಳ್ನ ಕೇಳ್ದಂಗೆ ಬ್ಯಾರೇದನ್ನ ಕರ್ಕಂಡ್ ಬಂದ್ರೆ ಸುಮ್ಕಿರ್ತಾಳಾ? ಎಣ್ಣೆ ಗಿರಣಿ ಕಣಯ್ಯ, ಒಂದ್ ಕಿಡಿ ಸಾಕು!”

“ಇದು ಅಂಥದ್ದಲ್ಲ ಸಾವ್ಕಾರ್ರೆ…”

“ಎಂಥದ್ದು ಅಂತ ನಿಂಗೇನ್ ಗೊತ್ತು? ಶುಕ್ರವಾರ ಗುಡಿಗೆ ಬಾ. ಯಾತಕ್ಕೆ ಬೇಕು ಅಂತ ಅವಳ ಮುಂದೆ ಹೇಳು. ಬಲಕ್ಕೆ ಕೊಟ್ರೆ ಇಟ್ಕ, ಎಡಕ್ಕೆ ಕೊಟ್ರೆ ಬುಡು.”

ಸಂಜೆಯೊಳಗೆ ವಿಷಯ ಪೇಟೆಯಲ್ಲೆಲ್ಲ ಹರಡಿತು. ಟೀ ಅಂಗಡಿಯ ಸಾಬರು, “ಅರೆ ಗಂಗಣ್ಣ, ಒಂದ್ ಮನೆಗೆ ದೋ ಮಾಲಿಕ್ ಆದ್ರೆ ಬಾಡಿಗೆ ಯಾರ್ಗೆ ಕೊಡೋದು?” ಎಂದು ಕೇಳಿದರು. ಎದುರು ಮನೆಯ ಮುದುಕಿ, ಬರುವುದು ಸಿಹಿ ಊಟದ ದೇವರೋ, ಕೋಳಿ ಕೇಳುವ ದೇವರೋ ಎಂದು ವಿಚಾರಿಸಿದಳು. ಕೋಳಿಯಾದರೆ ಅವಳ ಹತ್ತಿರ ಒಂದು ಮಾರಾಟಕ್ಕಿತ್ತು. ಗಿರಣಿಯ ಹಮಾಲಿಗಳು ಮಾತ್ರ ಕೂತು ಯೋಚನೆ ಮಾಡಿ, “ಎರಡೂ ಒಂದೇ ಸಲ ಮೈಮ್ಯಾಲೆ ಬಂದ್ರೆ ಮಿಷಿನ್ ತಡ್ಕಂತದಾ?” ಎಂದರು. ಈ ವಿಷಯದಲ್ಲಿ ಊರಿನಲ್ಲಿ ಹುಟ್ಟಿದ ಸರಿಯಾದ ಪ್ರಶ್ನೆ ಅದೊಂದೇ. “ಒಂದೇ ಸಲ ಬರಲ್ಲ, ಒಂದಾದ್ಮ್ಯಾಲೆ ಒಂದು,” ಎಂದು ಗಂಗಹನುಮಯ್ಯ ಉತ್ತರ ಕೊಟ್ಟ. ಅದರಿಂದ ಅವರ ಭಯ ಇನ್ನಷ್ಟು ಹೆಚ್ಚಿತು.

ಶುಕ್ರವಾರ ಗುಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಪೂಜಾರಿ ತಿಮ್ಮರಾಯಪ್ಪ ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿದ. ಬಲಗಡೆಯ ಹೂ ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ತನ್ನನ್ನು ಕಂಪ್ಯೂಟರಿಗೆ ಹೋಲಿಸಿದ್ದು ಅವನ ಕಿವಿಗೂ ಬಿದ್ದಿತ್ತು. ಅದರಲ್ಲಿ ಬೀಡಿಯ ಮಾತಿನ ಬಗ್ಗೆ ಅವನಿಗೆ ಬೇಸರವಿತ್ತು.

“ಹೇಳ್ಲಾ ಗಂಗಣ್ಣ. ಯಾತಕ್ಕೆ ಬೇಕು ನಿಂಗೆ ಎರಡ್ನೇದು? ಅಮ್ಮನ ಮುಂದೆ ಸುಳ್ಳಾಡಿದ್ರೆ ಹೂ ಅಲ್ಲಾಡಲ್ಲ, ತಿಳ್ಕ.”

ಗಂಗಹನುಮಯ್ಯ ಕೈಮುಗಿದ. “ತಾಯಿ, ಒಂದು ಕೆಟ್ರೆ ಇನ್ನೊಂದು ಇರ್ಲಿ ಅಂತ.”

ಹೂ ಅಲ್ಲಾಡಲಿಲ್ಲ. ಸಂಜೀವಯ್ಯನವರು ಹಿಂದಿನಿಂದ, “ಹೊಸಾ ಮಿಷಿನ್ನು ಕೆಡ್ತದೆ ಅಂತ ಗುಡೀಲಿ ನಿಂತ್ಕಂಡು ಹೇಳ್ತೀಯಲ್ಲಯ್ಯ!” ಎಂದರು.

“ಬಿಲ್ಲಿಗೆ ಒಂದು, ಬ್ಯಾರೆ ಕೆಲ್ಸಕ್ಕೆ ಒಂದು ಅಂತ.”

ಹೂವಿನ ಮೇಲೆ ಒಂದು ನೊಣ ಕೂತಿತು. ಎಲ್ಲರೂ ಉಸಿರು ಬಿಗಿ ಹಿಡಿದರು. ನೊಣ ಎದ್ದುಹೋಯಿತು, ಹೂ ಅಲ್ಲೇ ಇತ್ತು.

“ಹೊಸದು ಕಲಿತಂಗಾಯ್ತದೆ ಅಂತ…”

“ಲೇ ಗಂಗಾ,” ಎಂದರು ಸಣ್ಣಕ್ಕ, ಕಂಬಕ್ಕೆ ಒರಗಿ ಕೂತಲ್ಲಿಂದ. “ನಿಂದು ಕಲಿಯೋ ವಯಸ್ಸೇನ್ಲಾ? ನನ್ ಸೊಂಟ ಬಿದ್ದೋಗ್ತೈತೆ. ನಿಜ ಹೇಳ್ಬುಡು, ಎಲ್ರೂ ಮನೆಗೆ ಹೋಗನ.”

ಗಂಗಹನುಮಯ್ಯ ಹಿಂದೆ ತಿರುಗಿ ನೋಡಿದ. ಸಾಹುಕಾರ, ಹಮಾಲಿಗಳು, ಎದುರು ಮನೆಯ ಮುದುಕಿ, ಡ್ಯೂಟಿ ಮುಗಿಸಿ ಬಂದ ಕಂಡಕ್ಟರ್ ಮಾರಣ್ಣ. ಇಷ್ಟು ಜನರ ಮುಂದೆ ಹೇಳುವ ಮಾತಲ್ಲ ಅದು. ಮನೆಯಲ್ಲಿ ಒಬ್ಬನೇ ಇದ್ದಾಗಲೂ ಅವನು ಅದನ್ನು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

“ತಾಯಿ,” ಎಂದ. “ಮಿಷಿನ್ನೂ ಬ್ಯಾಡ, ಸಿಸ್ಟಮ್ಮೂ ಬ್ಯಾಡ. ನಂಗೆ ನನ್ ಕೆಂಚಿ ಬೇಕು. ನನ್ ಮಾತ್ ನಂಬ್ಕಂಡು ಈ ವಯಸ್ನಾಗೆ ಅಕ್ಷರ ಕಲ್ತಳು. ಅವಳಿಗೆ ಇದು ಓದಿದೋರ ಮಿಷಿನ್ನು ಅಂದ್ಬುಟ್ಟೆ. ಅವಳಿಲ್ದೆ ಮನೆ ಭಣಭಣ ಅಂತೈತೆ. ಬಾಗ್ಲು ತೆಗ್ಯಾಕೇ ಮನ್ಸಾಗಲ್ಲ. ಅವಳಕ್ಷರ ಆ ಗಾಜಿನ ಮ್ಯಾಲೆ ಮೂಡ್ಬೇಕು, ಅವಳು ಬರ್ಬೇಕು. ಇಷ್ಟೇ ಕಾರಣ. ಬ್ಯಾರೆ ಯಾವ ಕಾರಣಾನೂ ಇಲ್ಲ.”

ಆಗ ಬಲಗಡೆಯ ಹೂ ಬಿತ್ತು. ಅದೇ ಕ್ಷಣಕ್ಕೆ ಎಡಗಡೆಯದೂ ಬಿತ್ತು.

ತಿಮ್ಮರಾಯಪ್ಪ ತಬ್ಬಿಬ್ಬಾದ. ಅಪ್ಪನ ಕಾಲದಿಂದ ಪೂಜೆ ಮಾಡಿದವನು ಇಂಥದ್ದನ್ನು ಕಂಡಿರಲಿಲ್ಲ. ಕೊಟ್ಟಿದ್ದಾಳೆಂದು ಕೆಲವರು, ಇಲ್ಲವೆಂದು ಕೆಲವರು ಗದ್ದಲ ಎಬ್ಬಿಸಿದರು. ಸಣ್ಣಕ್ಕ ಕಂಬ ಹಿಡಿದು ಎದ್ದು ನಿಂತರು. “ಸುಮ್ಕಿರ್ರಲಾ. ಎರಡೂ ಇರ್ಲಿ ಅಂತ ಹೇಳವ್ಳೆ ತಾಯಿ. ಇದಕ್ಕಿಂತ ಬಿಡಿಸಿ ಹೆಂಗೇಳ್ಬೇಕು ನಿಮ್ಗೆ?” ಎಂದರು. ಸಂಜೀವಯ್ಯನವರು ಮೂಗು ಒರೆಸಿಕೊಳ್ಳುತ್ತ, ಅಮ್ಮ ಹೇಳಿದ ಮೇಲೆ ತಮ್ಮದೇನಿದೆ ಎಂದರು. ಯಾವ ಅಮ್ಮ ಎಂದು ಬಿಡಿಸಿ ಹೇಳಲಿಲ್ಲ.

ಬಸವಲಿಂಗಯ್ಯ ಮಾತಿಗೆ ತಪ್ಪದೆ ಎರಡನೇ ಫ್ಲಾಪಿ ತಂದುಕೊಟ್ಟ. ಇನ್ನೂ ಪೂರ್ತಿಯಾಗದ ಸಿಸ್ಟಂ ಅದು. ಏಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು, ಎದ್ದ ಮೇಲೂ ಒಮ್ಮೊಮ್ಮೆ ಹಾಗೇ ನಿಂತುಬಿಡುತ್ತಿತ್ತು. ಗಂಗಹನುಮಯ್ಯ ಕಾಗದದ ಚೂರುಗಳಲ್ಲಿ ಕನ್ನಡ ಅಕ್ಷರ ಬರೆದು ಗೋಂದಿನಿಂದ ಗುಂಡಿಗಳ ಮೇಲೆ ಅಂಟಿಸಿದ. ಬಿಲ್ಲುಗಳೆಲ್ಲ ಮುಗಿದ ಮೇಲೆ ಆ ಫ್ಲಾಪಿ ಇಟ್ಟು, ಕೆಂಚಮ್ಮ ಎಂದು ಬರೆದು, ಅದರ ಕೆಳಗೆ ಇನ್ನೊಂದು ಕೆಂಚಮ್ಮ, ಅದರ ಕೆಳಗೆ ಮತ್ತೊಂದು ಬರೆದು, ಗಾಜು ತುಂಬಿದ ಮೇಲೆ ಸುಮ್ಮನೆ ನೋಡುತ್ತ ಕೂರುತ್ತಿದ್ದ. ಮಾರಣ್ಣನಿಗೆ, “ಬಂತು ಅಂತ ಹೇಳು ಸಾಕು,” ಎಂದು ಹೇಳಿ ಕಳಿಸಿದ.

ಮಾರಣ್ಣ ಅಷ್ಟಕ್ಕೇ ನಿಲ್ಲಿಸುವವನಲ್ಲ. ಗುಡಿಯಲ್ಲಿ ಕಂಡದ್ದನ್ನು ಟಿಕೆಟ್ಟಿನ ಜೊತೆ ಎಲ್ಲರಿಗೂ ಹಂಚಿದ. ಬಸ್ಸು ಮಧುಗಿರಿ ಮುಟ್ಟುವಾಗ ಅವನ ಕತೆಯಲ್ಲಿ ಗಂಗಹನುಮಯ್ಯ ಗುಡಿಯಲ್ಲಿ ಅತ್ತಿದ್ದ. ಪಾವಗಡಕ್ಕೆ ಹೋಗುವಾಗ ಉರುಳುಸೇವೆ ಮಾಡಿದ್ದ. ರಾಯಚರ್ಲು ಮುಟ್ಟುವಾಗ ಅನ್ನನೀರು ಬಿಟ್ಟು, ಕಂಪ್ಯೂಟರನ್ನು ಅಪ್ಪಿಕೊಂಡು ಮಲಗಿದ್ದ.

ಭಾನುವಾರ ಬಸ್ಸಿನಿಂದ ಗೌರಕ್ಕ ಇಳಿದಳು. ಅವಳ ಹಿಂದೆ ಕೆಂಚಮ್ಮ ಇಳಿದಳು. ಗಂಡನನ್ನು ಮೇಲಿಂದ ಕೆಳಗೆ ನೋಡಿ, “ಸೊರಗೋಗಿದೀರ,” ಎಂದಳು. ಅವನು, “ನೀನೂನೂವೆ,” ಎಂದ. ಅಷ್ಟೇ ಮಾತು. ಮೂವರೂ ನೇರವಾಗಿ ಗಿರಣಿಗೆ ಹೋದರು.

ಮಿಷಿನ್ನು ಅವತ್ತು ಎಂದಿಗಿಂತ ನಿಧಾನವಾಗಿ ಎದ್ದಿತು. ಗಂಗಹನುಮಯ್ಯ ಹೆಸರು ಬರೆದು ಪಕ್ಕಕ್ಕೆ ಸರಿದ. ಕೆಂಚಮ್ಮ ಬಗ್ಗಿ, ಗಾಜಿಗೆ ಬೆರಳಿಟ್ಟು, “ಕೆಂ… ಚ… ಮ್ಮ,” ಎಂದು ಓದಿದಳು.

“ಸರಿಯಾಗೈತೆ,” ಎಂದಳು. “ಅಳ್ಸಿ.”

“ಅಳ್ಸದಾ?”

“ಊಂ. ಅಳ್ಸಿ, ಮ್ಯಾಲೆದ್ದೇಳಿ. ನಾನು ಕೂರ್ತೀನಿ. ನನ್ನೆಸ್ರು ನೋಡಾಕೆ ಯಾಕೆ ಅಷ್ಟು ಕಷ್ಟಪಟ್ಟು ಕಲೀಲಿ ನಾನು? ನನ್ನೆಸ್ರು ನಂಗೆ ಗೊತ್ತಿಲ್ವಾ?”

ಅವನು ಅಳಿಸಿ ಎದ್ದು ನಿಂತ. ಕೆಂಚಮ್ಮ ಕೂತು, ಒಂದೇ ಬೆರಳಲ್ಲಿ ಗುಂಡಿಗಳ ಮೇಲೆಲ್ಲ ಹುಡುಕಿ, ಒಂದನ್ನು ಒತ್ತಿದಳು. ಗಾಜಿನ ಮೇಲೆ ಗಕಾರ ಮೂಡಿತು. ಮತ್ತೆ ಹುಡುಕಿ ಅದಕ್ಕೊಂದು ಸೊನ್ನೆ ಇಟ್ಟಳು. ಮತ್ತೊಂದು ಗಕಾರ ಬಂತು. ಗೌರಕ್ಕನಿಗೂ ಒಂದಿಷ್ಟು ಅಕ್ಷರ ಬರುತ್ತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಏಂ ರಾಸ್ತಾ ಉನ್ನಾವೇ ಕೆಂಚೀ! ಏನ್ ಬರೀತಿದೀಯೆ! ಅಯ್ಯಯ್ಯೋ, ಗಂಡನ ಹೆಸ್ರು!”

“ಬಾಯಲ್ಲಿ ಅನ್ನಬ್ಯಾಡ ಅಂತ ನಮ್ಮವ್ವ ಹೇಳವ್ಳೆ,” ಎಂದಳು ಕೆಂಚಮ್ಮ, ಗುಂಡಿಗಳಿಂದ ಕಣ್ಣು ತೆಗೆಯದೆ. “ಕೈಯಲ್ಲಿ ಅನ್ನಬ್ಯಾಡ ಅಂತ ಯಾರೂ ಹೇಳಿಲ್ಲ. ರೇಷನ್ ಕಾರ್ಡಿನೋರು ಯಜಮಾನ್ರ ಹೆಸ್ರೇನಮ್ಮ ಅಂದಾಗ್ಲೆಲ್ಲ ಪಕ್ಕದ ಮನೆಯೋರ ಮುಖ ನೋಡಿದೀನಿ. ಸಾವ್ಕಾರ್ರು ಕರೀತಾರೆ, ಕಂಡಕ್ಟ್ರು ಕರೀತಾನೆ, ಊರೋರೆಲ್ಲ ಕರೀತಾರೆ. ನಾನೊಬ್ಳೇ ಒಂದಿನಾನೂ ಕರ್ದಿಲ್ಲ. ಸ್ಲೇಟಿನಾಗೆ ಬರುದ್ರೆ ನೀವೆಲ್ಲಿ ನೋಡ್ತೀರ? ಹಗಲೆಲ್ಲ ನೋಡದು ಇದ್ನೇ ತಾನೆ. ಹಕಾರ ಎಲ್ಲೈತೆ?”

ಗಂಗಹನುಮಯ್ಯನಿಗೆ ಹಕಾರ ಎಲ್ಲಿದೆ ಎಂದು ಗೊತ್ತಿತ್ತು, ತಾನೇ ಅಂಟಿಸಿದ್ದ. ಆದರೆ ಕಣ್ಣು ಮಂಜಾಗಿ ಒಂದು ಗುಂಡಿಯೂ ಕಾಣಲಿಲ್ಲ. ಅವಳೇ ಹುಡುಕಿಕೊಂಡಳು. ಹೆಸರು ಉದ್ದದ್ದು, ಸಿಸ್ಟಂ ನಿಧಾನದ್ದು. ಒಂದೊಂದು ಅಕ್ಷರಕ್ಕೂ ಮೂವರೂ ಕಾದರು. ಕೊನೆಯ ಒತ್ತಕ್ಷರ ಬಂದು ಕೂತ ಮೇಲೆ ಕೆಂಚಮ್ಮ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, ಮೊದಲಿನಿಂದ ಒಮ್ಮೆ ತುಟಿ ಅಲ್ಲಾಡಿಸದೆ ಓದಿ, ಗಂಡನ ಕಡೆ ತಿರುಗಿದಳು.

“ಕರ್ದಿದೀನಿ,” ಎಂದಳು. “ಓ ಅನ್ನಿ.”

ಗಂಗಹನುಮಯ್ಯ ಓ ಎಂದ. ಸಾಲದೆನ್ನಿಸಿ ಇನ್ನೊಮ್ಮೆ ಓ ಎಂದ.